ಉಪಕಾರಿಯ ಸುಖ

ಮನುಷ್ಯನ ಸಕಲ ವ್ಯಾಪಾರಗಳಿಗೂ ಸ್ವಹಿತವೇ ಮೂಲವೆಂದು ಸಾರಿ, ಆ ಕಾರಣದಿಂದ ಖ್ಯಾತಿಯನ್ನೂ ಅಪಖ್ಯಾತಿಯನ್ನೂ ಸಮಪ್ರಮಾಣದಲ್ಲಿ ಗಳಿಸಿದ ಹದಿನೇಳನೆಯ ಶತಮಾನದ ಆಂಗ್ಲ ತತ್ತ್ವಜ್ಞಾನಿ ಥಾಮಸ್ ಹಾಬ್ಸನು ಒಂದು ದಿನ ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಹೋಗುತ್ತಿರುವಾಗ ಮುದುಕನೂ ಅಶಕ್ತನೂ ಆದ ಭಿಕ್ಷುಕನೊಬ್ಬನು ಕೈಯೊಡ್ಡಲು, ಆತನು ಕನಿಕರಗೊಂಡು ಜೇಬಿನಿಂದ ಆರು ಪೆನ್ಸ್ ತೆಗೆದು ಕೊಟ್ಟನೆಂದು ಆತನ ಸ್ನೇಹಿತನಾದ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಸಮೀಪದಲ್ಲಿದ್ದ ಪಾದ್ರಿಯೊಬ್ಬನು, ಕ್ರಿಸ್ತನ ಆಜ್ಞೆಯೊಂದು ಇಲ್ಲದಿದ್ದರೂ ನೀವು ಹೀಗೆ ಕೊಡುತ್ತಿದ್ದಿರಾ ಎಂದು ಕೇಳಿದನಂತೆ. ಕೊಡುತ್ತಿದ್ದೆನೆಂದೂ, ಆ ಮುದುಕನ ದುರವಸ್ಥೆಯನ್ನು ಕಂಡು ತನಗೆ ಸಂಕಟವಾಗುತ್ತಿತ್ತೆಂದೂ, ಅವನಿಗೆ ತುಸು ಉಪಶಮನವಾದುದರಿಂದ ತನಗೂ ಉಪಶಮನವಾಯಿತೆಂದೂ ಹಾಬ್ಸನ ಉತ್ತರ. ಪಾದ್ರಿಗೆ ಇದರಿಂದ ಸಮಾಧಾನವಾಯಿತೋ ಇಲ್ಲವೋ ಆಬ್ರಿ ಹೇಳುವುದಿಲ್ಲ.

ಉಪಕಾರ ಮಾಡಿದವನಿಗೆ ಸುಖವುಂಟಾಗುವುದು ನಿಜವಾದರೆ, ಆ ಸುಖವು ಉಪಕಾರದ ಭೂಷಣವೋ ಕಳಂಕವೋ ಎಂಬ ಪ್ರಶ್ನೆ ಈ ಪ್ರಸಂಗದಲ್ಲಿ ಅಡಗಿದೆ. ಆಡಂ ಸ್ಮಿತ್‌ನು 1759ರಲ್ಲಿ ಪ್ರಕಟಿಸಿದ ನೈತಿಕ ಭಾವಗಳ ಕುರಿತ ಗ್ರಂಥದ ಆರಂಭದಲ್ಲಿಯೇ, ಮನುಷ್ಯನನ್ನು ಎಷ್ಟೇ ಸ್ವಾರ್ಥಿಯೆಂದು ಭಾವಿಸಿದರೂ ಪರರ ಸುಖವನ್ನು ನೋಡಿ ಪಡುವ ಸಂತೋಷದ ಹೊರತು ಬೇರೇನೂ ಲಾಭವಿಲ್ಲದಿರುವಾಗಲೂ ಆ ಸುಖವು ಅವನಿಗೆ ಅವಶ್ಯಕವಾಗಿಯೇ ಇರುತ್ತದೆಂದು ಹೇಳಿ, ಹಾಬ್ಸನ ಪಂಥಕ್ಕೆ ಪರೋಕ್ಷವಾದ ಪ್ರತ್ಯುತ್ತರವನ್ನು ಕೊಟ್ಟನು. ನಮ್ಮಲ್ಲಿಯೂ ಈ ವಿಚಾರ ಹೊಸದಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಪ್ರತ್ಯುಪಕಾರವನ್ನು ನಿರೀಕ್ಷಿಸದೆ ಕೊಟ್ಟದ್ದನ್ನು ಸಾತ್ತ್ವಿಕವೆಂದೂ, ಫಲವನ್ನು ಉದ್ದೇಶಿಸಿ ಅಥವಾ ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟದ್ದನ್ನು ರಾಜಸವೆಂದೂ ವಿಂಗಡಿಸುತ್ತದೆ. ಹಾಗಾದರೆ ನನಗೆ ಸಂತೋಷವಾಗಲೆಂದು ಕೊಟ್ಟದ್ದು ಯಾವ ವರ್ಗಕ್ಕೆ ಸೇರತಕ್ಕದ್ದು? ಪತಂಜಲಿಯಾದರೋ ಈ ವಿಷಯದಲ್ಲಿ ನಿಸ್ಸಂಕೋಚಿ. ಸುಖಿಗಳಲ್ಲಿ ಮೈತ್ರಿಯನ್ನೂ ದುಃಖಿಗಳಲ್ಲಿ ಕರುಣೆಯನ್ನೂ ಪುಣ್ಯಶೀಲರಲ್ಲಿ ಮುದಿತೆಯನ್ನೂ ಭಾವಿಸಬೇಕೆಂದು ವಿಧಿಸುವಾಗ ಯೋಗಸೂತ್ರವು ಅದರ ಪ್ರಯೋಜನವನ್ನು ಚಿತ್ತದ ಪ್ರಸನ್ನತೆ ಎಂದೇ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ. ವೈದ್ಯನು ಪಥ್ಯ ಹೇಳುವಷ್ಟೇ ನಿರ್ವಿಕಾರವಾಗಿ ಹೇಳಿದ ಆ ಮಾತನ್ನು, ಈಚಿನ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ಅರಿತೋ ಅರಿಯದೆಯೋ ಪರೀಕ್ಷೆಗೊಡ್ಡಿದ್ದಾರೆ.

ಪರೀಕ್ಷೆಯ ಮೊದಲ ತೊಡಕು ಕಾರ್ಯಕಾರಣಗಳ ಪೌರ್ವಾಪರ್ಯದ್ದು. ಉಪಕಾರಿಗಳು ಸಾಮಾನ್ಯವಾಗಿ ಸಂತುಷ್ಟರಾಗಿರುತ್ತಾರೆ ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಉಪಕಾರ ಮಾಡಿದ್ದರಿಂದ ಸಂತೋಷವಾಯಿತೋ, ಸಂತೋಷವಾಗಿದ್ದುದರಿಂದ ಉಪಕಾರ ಮಾಡಿದರೋ? ಅಮೆರಿಕದ ಆಲಿಸ್ ಐಸೆನ್ ಮತ್ತು ಪೌಲಾ ಲೆವಿನ್ ಎಂಬಿಬ್ಬರು 1972ರಲ್ಲಿ ಪ್ರಕಟಿಸಿದ ಪ್ರಯೋಗವು ಎರಡನೆಯ ಪಕ್ಷವನ್ನು ಎತ್ತಿಹಿಡಿಯಿತು. ಸಾರ್ವಜನಿಕ ಟೆಲಿಫೋನಿನ ಚಿಲ್ಲರೆ ಗೂಡಿನಲ್ಲಿ ಹತ್ತು ಸೆಂಟಿನ ನಾಣ್ಯವೊಂದು ಅಕಸ್ಮಾತ್ತಾಗಿ ಸಿಕ್ಕಿದವರು, ಎದುರಿಗೆ ಯಾರೋ ಬೀಳಿಸಿಕೊಂಡ ಕಾಗದಗಳನ್ನು ಆಯ್ದುಕೊಡಲು ಬಹುತೇಕ ಎಲ್ಲರೂ ಬಾಗಿದರು. ಸಿಕ್ಕದವರಲ್ಲಿ ಬಾಗಿದವರು ಇಲ್ಲವೆನ್ನುವಷ್ಟು ಕಡಮೆ. ಇಷ್ಟು ಚೊಕ್ಕಟವಾದ ಫಲಿತಾಂಶವನ್ನು ಕಂಡಾಗ ಸ್ವಲ್ಪ ಸಂಶಯಪಡುವುದು ವಿವೇಕ, ಮತ್ತು ಅನಂತರ ಅದನ್ನು ಮರುಮಾಡಿದವರಿಗೆ ಆ ಫಲ ದೊರೆಯಲೂ ಇಲ್ಲ. ಆದರೂ ಪಠ್ಯಪುಸ್ತಕಗಳಲ್ಲಿ ಆ ನಾಣ್ಯವು ಇಂದಿಗೂ ಚಲಾವಣೆಯಲ್ಲಿದೆ.

ಮೊದಲನೆಯ ಪಕ್ಷಕ್ಕೆ ಬಲವಾದ ಪ್ರಮಾಣ ಬಂದದ್ದು 2008ರಲ್ಲಿ. ಕೆನಡಾ ದೇಶದ ವಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್ ಎಂಬವರು ಹಾರ್ವರ್ಡಿನ ಮೈಕೇಲ್ ನಾರ್ಟನ್ನರೊಡಗೂಡಿ ವಿದ್ಯಾರ್ಥಿಗಳಿಗೆ ಬೆಳಗ್ಗೆ ಐದು ಅಥವಾ ಇಪ್ಪತ್ತು ಡಾಲರುಗಳಿದ್ದ ಲಕೋಟೆಯೊಂದನ್ನು ಕೊಟ್ಟು, ಕೆಲವರಿಗೆ ಸಂಜೆಯೊಳಗೆ ಅದನ್ನು ತಮಗಾಗಿಯೂ, ಉಳಿದವರಿಗೆ ಪರರಿಗಾಗಿಯೂ ವೆಚ್ಚ ಮಾಡತಕ್ಕದ್ದೆಂದು ಹೇಳಿದರು. ಸಂಜೆ ವಿಚಾರಿಸಲಾಗಿ, ಪರರಿಗೆ ವ್ಯಯಿಸಿದವರು ಹೆಚ್ಚು ಸಂತುಷ್ಟರಾಗಿದ್ದರು. ಮೊತ್ತವು ಐದಾಗಿತ್ತೋ ಇಪ್ಪತ್ತಾಗಿತ್ತೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಆದರೆ ಇದಕ್ಕಿಂತ ಸ್ವಾರಸ್ಯವಾದದ್ದು ಬೇರೊಂದಿದೆ. ಹೀಗೊಂದು ಪ್ರಯೋಗ ನಡೆದರೆ ಯಾರು ಹೆಚ್ಚು ಸುಖಿಗಳಾಗುವರೆಂದು ಅನ್ಯ ವಿದ್ಯಾರ್ಥಿಗಳನ್ನು ಕೇಳಿದಾಗ, ಇಪ್ಪತ್ತು ಡಾಲರು ಪಡೆದು ತಮಗಾಗಿ ವೆಚ್ಚ ಮಾಡಿಕೊಂಡವರೇ ಎಂದು ಅವರಲ್ಲಿ ಹೆಚ್ಚಿನವರು ಊಹಿಸಿದ್ದರು. ತನ್ನ ಸುಖ ಎಲ್ಲಿದೆಯೆಂಬ ವಿಷಯದಲ್ಲಿ ಮನುಷ್ಯನು ಇಷ್ಟು ಅಪಕ್ವ ಜ್ಯೋತಿಷಿಯಾಗಿರುವುದು ಗಮನಾರ್ಹ.

ಇದು ಸಿರಿವಂತ ದೇಶದ ಕಾಲೇಜು ತರುಣರ ವಿಲಾಸವಷ್ಟೇ ಎಂಬ ಆಕ್ಷೇಪಣೆ ಸಹಜ. ಆದಕಾರಣ ಆಕ್ನಿನ್ ಮತ್ತು ಸಂಗಡಿಗರು 136 ದೇಶಗಳ ಅಂಕಿಗಳನ್ನು ತೆಗೆದು ನೋಡಿ, ಅವುಗಳಲ್ಲಿ 120 ದೇಶಗಳಲ್ಲಿ ದಾನ ಮಾಡಿದವರು ಹೆಚ್ಚು ಸಂತುಷ್ಟರೆಂದು 2013ರಲ್ಲಿ ವರದಿ ಮಾಡಿದರು. ಕೆನಡಾದಲ್ಲಿಯೂ ದಕ್ಷಿಣ ಆಫ್ರಿಕದಲ್ಲಿಯೂ, ಆಸ್ಪತ್ರೆಯಲ್ಲಿರುವ ರೋಗಿ ಮಗುವಿಗೆಂದು, ಆ ಮಗುವಿನ ಮುಖವನ್ನು ಎಂದೂ ನೋಡುವ ಸಂಭವವಿಲ್ಲದಿದ್ದರೂ, ತಿಂಡಿಯ ಚೀಲವನ್ನು ಕೊಂಡವರು ಅದನ್ನೇ ತಮಗಾಗಿ ಕೊಂಡವರಿಗಿಂತ ಹರ್ಷಿತರಾಗಿದ್ದರು. ಎರಡು ವರ್ಷ ತುಂಬದ ಹಸುಳೆಗಳು ಕೂಡ ತಿಂಡಿಯನ್ನು ಪಡೆದಾಗಿನದಕ್ಕಿಂತ ಅದನ್ನು ಗೊಂಬೆಯೊಂದಕ್ಕೆ ಕೊಡುವಾಗ, ಅದರಲ್ಲಿಯೂ ತಮ್ಮ ಪಾಲಿನದನ್ನು ತೆಗೆದು ಕೊಡುವಾಗ, ಹೆಚ್ಚು ನಗುಮುಖರಾಗಿದ್ದುದು ವಾಂಕೂವರಿನಲ್ಲಿಯೇ ಕಂಡುಬಂದಿತು. ಇಂಥ ಪ್ರಯೋಗಗಳು ಅನೇಕವು ಮರುಪರೀಕ್ಷೆಯಲ್ಲಿ ಕುಸಿದುಬಿದ್ದ ಕಾಲದಲ್ಲಿ, ವಿಧಾನವನ್ನು ಮುಂಚಿತವಾಗಿಯೇ ಘೋಷಿಸಿ, 712 ವಿದ್ಯಾರ್ಥಿಗಳ ಮೇಲೆ ತಿಂಡಿಚೀಲದ ಪ್ರಯೋಗವನ್ನು ಪುನಃ ನಡೆಸಿ 2020ರಲ್ಲಿ ಅದೇ ಫಲವನ್ನು ಪಡೆದ ಆಕ್ನಿನ್ನರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಆದರೆ ಎಷ್ಟು ಸುಖ? ಉಪಕಾರವು ಬಾಳನ್ನೇ ಬದಲಿಸುವ ರಸಾಯನವೆಂದು ಸಾರುವ ಪುಸ್ತಕಗಳು ಈ ಪ್ರಶ್ನೆಯ ಬಳಿ ಸುಳಿಯುವುದಿಲ್ಲ. ಆಲಿವರ್ ಕರಿ ಮೊದಲಾದವರು 27 ಪ್ರಯೋಗಗಳಲ್ಲಿ ಭಾಗವಹಿಸಿದ 4,045 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ 2018ರಲ್ಲಿ ಹೇಳಿದ್ದೇನೆಂದರೆ, ಪರಿಣಾಮವು ಇರುವುದು ದಿಟ, ಆದರೆ ಅದು ಅಲ್ಪದಿಂದ ಮಧ್ಯಮದವರೆಗಿನದು. 2020ರಲ್ಲಿ ಬ್ರಯಂಟ್ ಹುಯಿ ಮೊದಲಾದವರು 201 ಸಮೂಹಗಳ, ಹೆಚ್ಚುಕಡಮೆ ಎರಡು ಲಕ್ಷ ಜನರ, ಅಂಕಿಗಳನ್ನು ಪರಿಶೀಲಿಸಿ ಕಂಡ ಸಂಬಂಧವೂ ಸಣ್ಣದೇ. ಇದರಿಂದ ನಿರಾಶರಾಗಬೇಕಾದುದಿಲ್ಲವೆಂದು ನನ್ನ ಅಭಿಪ್ರಾಯ. ಸಂಬಳ, ಆರೋಗ್ಯ, ಮನೆಯ ಜಗಳ, ಮಗಳ ಮದುವೆಯ ಚಿಂತೆ ಇಷ್ಟೆಲ್ಲ ಸೇರಿ ರೂಪಿಸುವ ಮನಸ್ಸಿನ ಸ್ಥಿತಿಯಲ್ಲಿ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟದ್ದು ಅಳತೆಗೆ ಸಿಗುವಷ್ಟಾದರೂ ವ್ಯತ್ಯಾಸವನ್ನು ಮಾಡುವುದಾದರೆ ಅದೇ ಆಶ್ಚರ್ಯ. ಹುಯಿಯವರ ಸಮೀಕ್ಷೆಯಲ್ಲಿ ಇನ್ನೊಂದು ಮಾತಿದೆ, ಅದು ನಮ್ಮ ವಿಚಾರಕ್ಕೆ ಹೆಚ್ಚು ಪ್ರಸ್ತುತ. ಸಂಘಸಂಸ್ಥೆಗಳ ಮೂಲಕ ನಿಯಮಬದ್ಧವಾಗಿ ಸಲ್ಲಿಸುವ ಸೇವೆಗಿಂತ, ನೆರೆಯವನ ಸಾಮಾನನ್ನು ಮಹಡಿಗೆ ಹೊತ್ತು ಮುಟ್ಟಿಸುವಂಥ ಯಾರೂ ಲೆಕ್ಕವಿಡದ ಸಹಾಯವೇ ಸಂತೋಷದೊಡನೆ ಹೆಚ್ಚು ನಿಕಟವಾಗಿ ಕೂಡಿಕೊಂಡಿದೆ.

ಇದನ್ನು ಓದಿದಾಗ ನಮ್ಮ ನಾಡಿನ ದಾನಶಾಸನಗಳ ನೆನಪಾಗುತ್ತದೆ. ದೇವಾಲಯಕ್ಕೆ, ಕೆರೆಗೆ, ಅಗ್ರಹಾರಕ್ಕೆ ಬಿಟ್ಟ ಭೂಮಿಯ ಎಲ್ಲೆಗಳನ್ನು ಗುರುತಿಸಿ, ಅದನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂಬ ಶಾಪವನ್ನೂ ಕೊರೆಯಿಸಿದ ಕಲ್ಲುಗಳು ಊರೂರಿನಲ್ಲಿವೆ. ಬೇಸಗೆಯಲ್ಲಿ ದಾರಿಯ ಮಗ್ಗುಲಿಗೆ ಅರವಟ್ಟಿಗೆಯಿಟ್ಟು ನೀರುಮಜ್ಜಿಗೆ ಹೊಯ್ದವರಿಗೆ, ಬಿಸಿಲಲ್ಲಿ ಬಂದವನಿಗೆ ಮೊದಲು ಬೆಲ್ಲದ ತುಣುಕನ್ನೂ ತಂಬಿಗೆ ನೀರನ್ನೂ ಮುಂದಿಟ್ಟು ಆಮೇಲೆ ಬಂದ ಕಾರ್ಯವನ್ನು ಕೇಳುತ್ತಿದ್ದ ಮನೆಯವರಿಗೆ ಶಾಸನವಿಲ್ಲ. ಶಾಸನವಿದ್ದ ದಾತನಿಗೆ ಕೀರ್ತಿಯೂ ಪುಣ್ಯವೂ ಉಂಟು. ಮಜ್ಜಿಗೆ ಹೊಯ್ದವಳಿಗಾದರೋ ಕುಡಿದವನ ಮುಖ ಎದುರಿಗೇ ಇತ್ತು.

ಆ ಎದುರಿಗಿರುವ ಮುಖಕ್ಕೆ ಪ್ರಯೋಗಶಾಸ್ತ್ರದಲ್ಲಿಯೂ ಸ್ಥಾನವುಂಟು. ಆಕ್ನಿನ್ ಮತ್ತು ಸಂಗಡಿಗರು ಹತ್ತು ಡಾಲರಿನ ಕಾಫಿ ಚೀಟಿಗಳನ್ನು ಹಂಚಿ ನೋಡಿದಾಗ, ಚೀಟಿಯನ್ನು ಪರರಿಗೆ ಕೊಟ್ಟು ದೂರ ಸರಿದವರಿಗಿಂತ, ಅದನ್ನು ಇನ್ನೊಬ್ಬರಿಗಾಗಿ ಬಳಸಿ ಅವರೊಂದಿಗೇ ಕೂತು ಹೊತ್ತು ಕಳೆದವರು ಹೆಚ್ಚು ಸುಖಿಗಳಾಗಿದ್ದರು. ಹಾಗೆಯೇ ಕೊಟ್ಟದ್ದು ಏನಾಯಿತೆಂಬುದು ಕಣ್ಣಿಗೆ ಕಟ್ಟಬೇಕು: ಮಕ್ಕಳ ಹಿತಕ್ಕಾಗಿ ದುಡಿಯುವ ದೊಡ್ಡ ಸಂಸ್ಥೆಯೊಂದರ ಸಾಮಾನ್ಯ ನಿಧಿಗೆ ಕೊಟ್ಟದ್ದಕ್ಕಿಂತ, ಹತ್ತು ಡಾಲರಿಗೆ ಒಂದು ಸೊಳ್ಳೆಪರದೆಯೆಂದು ಸ್ಪಷ್ಟವಾಗಿ ಹೇಳಿ ಮಲೇರಿಯದ ಪ್ರದೇಶಗಳಿಗೆ ಕಳಿಸುವ ಯೋಜನೆಗೆ ಕೊಟ್ಟಾಗ ದಾನದ ಮೊತ್ತಕ್ಕೂ ಸಂತೋಷಕ್ಕೂ ಸಂಬಂಧ ಕಂಡುಬಂದಿತು. ಮೂರನೆಯ ನಿಯಮವು ಸ್ವಾತಂತ್ರ್ಯದ್ದು. ನೆಟ್ಟಾ ವೈನ್‌ಸ್ಟೈನ್ ಮತ್ತು ರಿಚರ್ಡ್ ರಯನ್ 2010ರಲ್ಲಿ ತೋರಿಸಿದಂತೆ, ತಾನಾಗಿ ಬಯಸಿ ಮಾಡಿದ ಸಹಾಯವು ಮಾಡಿದವನಿಗೂ ಪಡೆದವನಿಗೂ ಸುಖವನ್ನು ತರುತ್ತದೆ. ಬಲವಂತಕ್ಕೆ, ನಾಚಿಕೆಗೆ, ಅಪವಾದದ ಭಯಕ್ಕೆ ಮಾಡಿದ್ದು ಇಬ್ಬರಿಗೂ ತರುವುದಿಲ್ಲ. ಗೀತೆಯು ರಾಜಸವೆಂದು ಕರೆದ, ಮನಸ್ಸಿಲ್ಲದ ಮನಸ್ಸಿನ ದಾನವೇ ಇದು.

ಈ ಮೂರನೆಯ ನಿಯಮವನ್ನು ಹಿಡಿದು ಕೇಳಬೇಕಾದ ಪ್ರಶ್ನೆಯೊಂದನ್ನು ಉಪಕಾರದ ಮಹಿಮೆಯನ್ನು ಹಾಡುವವರು ಕೇಳುವುದಿಲ್ಲವೆಂದು ನನಗೆ ಅಸಮಾಧಾನ. ಭಾರತ ಸರ್ಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಮೇರೆಗೆ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸು ದಿನಕ್ಕೆ 299 ನಿಮಿಷಗಳನ್ನೂ, ತೊಡಗುವ ಗಂಡಸು 97 ನಿಮಿಷಗಳನ್ನೂ ಅದಕ್ಕಾಗಿ ವ್ಯಯಿಸುತ್ತಿದ್ದರು. ಅದರಲ್ಲಿಯೂ ತೊಡಗುವ ಹೆಂಗಸರು ನೂರಕ್ಕೆ ಎಂಬತ್ತೊಂದು, ಗಂಡಸರು ಇಪ್ಪತ್ತಾರು. ಅತ್ತೆಗೆ ಔಷಧ ಕೊಟ್ಟು, ಮೈದುನನ ಡಬ್ಬಿ ಕಟ್ಟಿ, ಅಕಾಲದಲ್ಲಿ ಬಂದ ನೆಂಟರಿಗೆ ಮತ್ತೊಮ್ಮೆ ಒಲೆ ಹಚ್ಚುವ ಸೊಸೆಯು ಪ್ರಯೋಗಶಾಲೆಯ ಲೆಕ್ಕದಲ್ಲಿ ದಿನಕ್ಕೆ ಹತ್ತಾರು ಉಪಕಾರಗಳನ್ನು ಮಾಡಿದವಳು. ಉಪಕಾರವು ಸುಖವನ್ನು ತರುವುದೆಂಬ ಸಿದ್ಧಾಂತವು ನಿರಪವಾದವಾಗಿದ್ದರೆ ನಮ್ಮ ಮನೆಗಳ ಅತ್ಯಂತ ಸುಖಿ ವ್ಯಕ್ತಿ ಅವಳೇ ಆಗಿರಬೇಕಾಗಿತ್ತು. ಮಾಡಿದರೆ ಕರ್ತವ್ಯ, ಬಿಟ್ಟರೆ ದೋಷ ಎಂಬಲ್ಲಿ ಆಯ್ಕೆಯಿಲ್ಲ. ಆಯ್ಕೆಯಿಲ್ಲದಲ್ಲಿ ಸಂಶೋಧಕರು ಅಳೆದ ಆ ಸುಖವನ್ನು ಹುಡುಕುವುದು ನ್ಯಾಯವಲ್ಲ. ಅದೇ ಹೆಂಗಸು ಪಕ್ಕದ ಮನೆಯ ಬಾಣಂತಿಗೆ ತಾನಾಗಿ ಒಂದು ಪಾತ್ರೆ ಸಾರನ್ನು ಕೊಟ್ಟುಬಂದಾಗ ಅರಳುವ ಮುಖವನ್ನು ನೋಡಿದವರಿಗೆ ವ್ಯತ್ಯಾಸವು ತಿಳಿದೇ ಇರುತ್ತದೆ.

ಮಿದುಳಿನ ಚಿತ್ರಗಳ ವಿಷಯವನ್ನು ಬೇಗನೆ ದಾಟುತ್ತೇನೆ. ದಾನ ಮಾಡುವಾಗ, ತನಗೆ ಹಣ ಬಂದಾಗ ಚುರುಕಾಗುವ ಮಿದುಳಿನ ಭಾಗಗಳೇ ಚುರುಕಾಗುವುದನ್ನು 2006 ಮತ್ತು 2007ರ ಎರಡು ಅಧ್ಯಯನಗಳು ತೋರಿಸಿವೆ. ಸಂತೋಷವಾಯಿತೆಂದು ಹೇಳುವವನ ಮಾತಿಗೆ ಅದು ಒಂದು ಸಾಕ್ಷ್ಯವೇ ಹೊರತು, ಅವನ ಮಾತಿಗಿಂತ ಹೆಚ್ಚಿನದನ್ನು ಅದು ನಮಗೆ ತಿಳಿಸುವುದೆಂದು ನಾನು ನಂಬಲಾರೆ.

ಸುಖವೂ ಉಂಟು, ಖರ್ಚೂ ಇಲ್ಲ ಎಂದ ಮೇಲೆ ಜನರು ಸಣ್ಣ ಉಪಕಾರಗಳನ್ನು ಇನ್ನೂ ಹೇರಳವಾಗಿ ಏಕೆ ಮಾಡುವುದಿಲ್ಲ? ಹೃದಯಕಾಠಿಣ್ಯವೇ ಕಾರಣವೆಂದು ಉಪದೇಶಕರು ಹೇಳುವರು. ಪ್ರಿನ್ಸ್‌ಟನ್ನಿನ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗವು ಬೇರೆಯದನ್ನು ಹೇಳುತ್ತದೆ. ಪಾದ್ರಿವೃತ್ತಿಗೆ ಓದುತ್ತಿದ್ದ ನಲವತ್ತು ತರುಣರನ್ನು ಒಂದು ಕಟ್ಟಡದಿಂದ ಮತ್ತೊಂದಕ್ಕೆ ಉಪನ್ಯಾಸ ಕೊಡಲು ಕಳುಹಿಸಿ, ದಾರಿಯಲ್ಲಿ ಬಾಗಿಲ ಬಳಿ ಕುಸಿದು ನರಳುವ ಮನುಷ್ಯನೊಬ್ಬನನ್ನು ಇರಿಸಿದ್ದರು. ಸಾವಕಾಶವಿದೆಯೆಂದು ಹೇಳಿ ಕಳುಹಿಸಿದವರಲ್ಲಿ ನೂರಕ್ಕೆ 63 ಮಂದಿಯೂ, ಸರಿಯಾದ ಹೊತ್ತಿಗೆ ಹೊರಟಿದ್ದವರಲ್ಲಿ 45 ಮಂದಿಯೂ, ಆಗಲೇ ತಡವಾಗಿದೆಯೆಂದು ಅವಸರಪಡಿಸಿದವರಲ್ಲಿ 10 ಮಂದಿಯೂ ಅವನಿಗೆ ಸಹಾಯ ಮಾಡಿದರು. ಅವರಲ್ಲಿ ಅರ್ಧ ಜನರು ಮಾತಾಡಲು ಹೊರಟಿದ್ದುದು ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಬೈಬಲಿನ ಸಮಾರ್ಯದವನ ಸಾಮ್ಯವನ್ನು ಕುರಿತೇ ಎಂಬ ಸಂಗತಿಯಿಂದ ಫಲಿತಾಂಶದಲ್ಲಿ ಗಣನೀಯವಾದ ವ್ಯತ್ಯಾಸವೇನೂ ಆಗಲಿಲ್ಲ. ಧರ್ಮವನ್ನು ಬಾಯಿಪಾಠ ಮಾಡುತ್ತ ಧರ್ಮಸಂಕಟವನ್ನು ದಾಟಿಹೋದ ಆ ಹುಡುಗರನ್ನು ನೋಡಿ ನಗುವವರು, ಬೆಂಗಳೂರಿನ ಮೆಟ್ರೋ ನಿಲ್ದಾಣವೊಂದರಲ್ಲಿ ಬೆಳಗ್ಗೆ ಒಂಬತ್ತು ಗಂಟೆಗೆ ನಿಂತು ತಮ್ಮನ್ನೇ ನೋಡಿಕೊಳ್ಳಬಹುದು.

ಅವಸರ ಮೊದಲನೆಯ ಅಡ್ಡಿಯಾದರೆ, ಎರಡನೆಯ ಅಡ್ಡಿ ಸಂಕೋಚ. ಷಿಕಾಗೋ ನಗರದ ಉದ್ಯಾನವೊಂದರ ಹಿಮಜಾರು ಅಂಗಳದಲ್ಲಿ, ಚಳಿಗಾಲದ ದಿನ, ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಬಂದವರಿಗೆ ಬಿಸಿ ಚಾಕೊಲೇಟ್ ಪಾನೀಯವನ್ನು ಕೊಟ್ಟು, ಬೇಕಾದರೆ ಅದನ್ನು ಅಪರಿಚಿತನೊಬ್ಬನಿಗೆ ದಾಟಿಸಬಹುದೆಂದರು. ಕೊಟ್ಟವರು ತಾವು ಕೊಟ್ಟದ್ದನ್ನು ಒಂದು ಲೋಟ ಪಾನೀಯವೆಂದೇ ಎಣಿಸಿ, ಪಡೆದವನಿಗೆ ಅದು ಅಲ್ಪವೆಂದು ತೋರೀತೆಂದು ಭಾವಿಸಿದರು. ಪಡೆದವರಾದರೋ ಅಪರಿಚಿತನೊಬ್ಬನು ತಮ್ಮನ್ನು ಲಕ್ಷಿಸಿದನೆಂಬುದನ್ನೂ ಸೇರಿಸಿ ಬೆಲೆ ಕಟ್ಟಿದರು. ಕೊಡುವವನು ವಸ್ತುವನ್ನು ತೂಗುತ್ತಾನೆ, ಕೊಳ್ಳುವವನು ಭಾವವನ್ನು ತೂಗುತ್ತಾನೆ, ಆದುದರಿಂದ ಕೊಡುವವನ ತೂಕ ಯಾವಾಗಲೂ ಕಡಮೆ ಬರುತ್ತದೆ. ಇದಕ್ಕೂ ವಿಶಾಲವಾದ ಅವಿಶ್ವಾಸವೊಂದು ನಮ್ಮಲ್ಲಿದೆ. 40 ದೇಶಗಳ 355 ನಗರಗಳಲ್ಲಿ, ಭಾರತವೂ ಸೇರಿದಂತೆ, ಕಳೆದುಹೋದುವೆಂದು ಹೇಳಿ ಹದಿನೇಳು ಸಾವಿರಕ್ಕೂ ಮಿಕ್ಕ ಪರ್ಸುಗಳನ್ನು ಬ್ಯಾಂಕು, ಅಂಚೆಕಚೇರಿ, ಹೋಟೆಲುಗಳ ಕಟ್ಟೆಗಳಲ್ಲಿ ಒಪ್ಪಿಸಿ ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹಣವಿಲ್ಲದ ಪರ್ಸುಗಳಲ್ಲಿ ನೂರಕ್ಕೆ ಸುಮಾರು 40ಕ್ಕೂ, ಹಣವಿದ್ದವುಗಳಲ್ಲಿ ಸುಮಾರು 51ಕ್ಕೂ ಒಡೆಯನನ್ನು ಹುಡುಕಿಕೊಂಡು ಇಮೇಲ್ ಬಂದಿತು. ಹಣವಿದ್ದರೆ ಹಿಂದೆ ಬರುವುದು ಕಡಮೆಯೆಂದು ಸಾಮಾನ್ಯ ಜನರು ಊಹಿಸಿದ್ದರು. ಅರ್ಥಶಾಸ್ತ್ರದ ಪಂಡಿತರೂ ಹಣವಿದ್ದದ್ದು ಹೆಚ್ಚಾಗಿ ಬಂದೀತೆಂದು ಹೇಳಿರಲಿಲ್ಲ. ನೆರೆಯವರು ಕೆಟ್ಟವರೆಂದು ನಂಬುವುದರಿಂದಲೇ ಮನುಷ್ಯನ ಸುಖವು ಒಂದಿಷ್ಟು ಸೋರಿಹೋಗುತ್ತದೆ, ಅವರು ನಿಜಕ್ಕೂ ಕೆಟ್ಟವರಾಗಿರಬೇಕಾದ ಅವಶ್ಯವಿಲ್ಲ.

ಇಷ್ಟರವರೆಗೆ ಕೊಡುವವನ ಮಾತಾಯಿತು. ಪಡೆಯುವವನ ಪಾಡು ಇಷ್ಟು ಸರಳವಲ್ಲ. ಉಡುಗೊರೆಯು ಋಣವನ್ನು ಹೊರಿಸುತ್ತದೆಂದು ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರಲ್ಲಿ ನಾನಾ ಜನಾಂಗಗಳ ಆಚಾರಗಳಿಂದ ಸಮರ್ಥಿಸಿದನು. ಉಪಕಾರದ ಭಾರಕ್ಕೆ ಬಾಗಿ ಉಪಕಾರಿಯನ್ನೇ ದ್ವೇಷಿಸಿದವರ ಕಥೆಗಳು ಯಾವ ಊರಿನಲ್ಲಿ ಇಲ್ಲ? ನ್ಯೂಯಾರ್ಕಿನ ವಕೀಲಿ ಪರೀಕ್ಷೆಗೆ ಓದುತ್ತಿದ್ದವರನ್ನೂ ಅವರ ಸಂಗಾತಿಗಳನ್ನೂ ಕುರಿತು ನಿಯಾಲ್ ಬೋಲ್ಜರ್ ಮೊದಲಾದವರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಬಹು ಸೂಕ್ಷ್ಮವಾದುದು. ಸಂಗಾತಿಯು ತಾನು ಸಹಾಯ ಮಾಡಿದೆನೆಂದು ಬರೆದು, ಅಭ್ಯರ್ಥಿಯು ತನಗೆ ಸಹಾಯ ಸಿಕ್ಕಿತೆಂದು ಗಮನಿಸದಿದ್ದ ದಿನಗಳಲ್ಲಿಯೇ ಅಭ್ಯರ್ಥಿಯ ಮನಸ್ಸು ಹಗುರವಾಗಿತ್ತು. ಕಣ್ಣಿಗೆ ಕಾಣುವಂತೆ ಮಾಡಿದ ಉಪಚಾರವು ತನ್ನ ಅಸಾಮರ್ಥ್ಯದ ನೆನಪನ್ನೂ ಜತೆಗೆ ತಂದಿತು. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಯು ಈ ತೊಡಕನ್ನು ಬೇರೊಂದು ರೀತಿಯಲ್ಲಿ ಪರಿಹರಿಸಿತ್ತು. ಇಂದು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಕುಯ್ಲಿಗೆ ನೀನು ಎಂಬಲ್ಲಿ ಸಹಾಯವೂ ಉಂಟು, ಬಾಗಿದ ತಲೆ ಮಾತ್ರ ಇಲ್ಲ. ಇದು ಬರಿಯ ಲೆಕ್ಕಾಚಾರ, ಇದರಲ್ಲಿ ದಯೆಯೆಲ್ಲಿ ಎಂದು ಮೂಗು ಮುರಿಯುವವರು, ಮುಯ್ಯಿ ತೀರಿಸಲಾರದಷ್ಟು ಬಡವನಾಗಿ ಅದರಿಂದ ಹೊರಗುಳಿದವನನ್ನು ಹೋಗಿ ಕೇಳಬೇಕು. ಅವನಿಗೆ ತಪ್ಪಿದ್ದು ಕೂಲಿಯೊಂದೇ ಅಲ್ಲ.

ಏಕೆಂದರೆ ಸುಖವು ಕೊಡುವವನ ಪಾಲಿಗೆ ಹೆಚ್ಚಾಗಿ ಸೇರುವುದಾದರೆ, ಕೊಡುವ ಅವಕಾಶವನ್ನು ಯಾರಿಂದ ಕಿತ್ತುಕೊಂಡಿದ್ದೇವೆಂಬುದೇ ಈ ವಿಚಾರದ ತಿರುಳೆಂದು ನನಗೆ ತೋರುತ್ತದೆ. ಅಮೆರಿಕದ ಓಹಾಯೋ ಪ್ರಾಂತದಲ್ಲಿ ಖಿನ್ನತೆ ಮತ್ತು ಆತಂಕಗಳಿಂದ ಬಳಲುತ್ತಿದ್ದ 122 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಜನರೊಡನೆ ಬೆರೆಯುವ ಕಾರ್ಯಕ್ರಮಗಳನ್ನೂ, ಮತ್ತೊಂದಕ್ಕೆ ತಮ್ಮ ಆಲೋಚನೆಗಳನ್ನು ತಿದ್ದಿಕೊಳ್ಳುವ ಅಭ್ಯಾಸವನ್ನೂ, ಮೂರನೆಯದಕ್ಕೆ ಪರರಿಗೆ ಸಣ್ಣ ಉಪಕಾರಗಳನ್ನು ಮಾಡುವುದನ್ನೂ ವಿಧಿಸಿದ ಪ್ರಯೋಗವು 2023ರಲ್ಲಿ ಪ್ರಕಟವಾಗಿದೆ. ಮೂರು ಗುಂಪುಗಳೂ ಸುಧಾರಿಸಿದವು, ಆದರೆ ಜನರೊಡನೆ ತಾನು ಸೇರಿದವನೆಂಬ ಭಾವವು ಮೂರನೆಯ ಗುಂಪಿನಲ್ಲಿಯೇ ಅಧಿಕವಾಗಿ ಬೆಳೆಯಿತು. ರೋಗಿಯನ್ನು ಕಂಡರೆ ಅವನಿಗೆ ಏನನ್ನೂ ಹೇಳದೆ ಸುಮ್ಮನೆ ಮಲಗಲು ಬಿಡಬೇಕೆಂಬ ನಮ್ಮ ಸದುದ್ದೇಶಕ್ಕೆ ಇದು ವ್ಯತಿರಿಕ್ತ. ಇದಕ್ಕೂ ಮೊದಲು, 2003ರಲ್ಲಿ, ಮಿಷಿಗನ್ನಿನ ಸ್ಟೆಫಾನಿ ಬ್ರೌನ್ ಮತ್ತು ಜೊತೆಗಾರರು 423 ವೃದ್ಧ ದಂಪತಿಗಳನ್ನು ಐದು ವರ್ಷಗಳ ಕಾಲ ಅನುಸರಿಸಿ, ನೆರೆಹೊರೆಯವರಿಗೂ ಬಂಧುಗಳಿಗೂ ಸಂಗಾತಿಗೂ ಸಹಾಯ ಮಾಡುತ್ತಿದ್ದವರಲ್ಲಿ ಮರಣದ ಪ್ರಮಾಣ ಕಡಮೆಯಿತ್ತೆಂದೂ, ಸಹಾಯವನ್ನು ಪಡೆಯುತ್ತಿದ್ದುದರಿಂದ ಅಂಥ ಪ್ರಯೋಜನ ಕಾಣಲಿಲ್ಲವೆಂದೂ ಬರೆದರು. ಮೈಯಲ್ಲಿ ಕಸುವಿದ್ದವರೇ ಸಹಾಯ ಮಾಡಬಲ್ಲವರಾದುದರಿಂದ ಈ ಫಲ ಬಂದಿರಬಹುದಲ್ಲವೆ ಎಂಬ ಶಂಕೆಗೆ ಅವರೇ ಆರೋಗ್ಯದ ಅಂತರವನ್ನು ಕಳೆದು ಲೆಕ್ಕ ಹಾಕಿದ್ದಾರೆ. ಶಂಕೆಯು ಪೂರ್ಣವಾಗಿ ನಿವಾರಣೆಯಾಗುವ ಜಾತಿಯದಲ್ಲ.

ನಮ್ಮ ಮನೆಗಳಲ್ಲಿ ಅಜ್ಜಿಯು ಅಕ್ಕಿಯಲ್ಲಿ ಕಲ್ಲು ಆರಿಸಲು ಮೊರಕ್ಕೆ ಕೈಹಾಕಿದರೆ, ನಿಮಗೇಕೆ ಈ ಕಷ್ಟ, ಸುಮ್ಮನೆ ಕೂತಿರಿ ಎಂದು ಮೊರವನ್ನು ಎತ್ತಿಕೊಳ್ಳುತ್ತೇವೆ. ಊರಿನ ತಂದೆತಾಯಿಗಳಿಗೆ ವಿದೇಶದಿಂದ ತಿಂಗಳು ತಿಂಗಳಿಗೆ ಹಣ ಕಳುಹಿಸಿ, ನಮಗೇನೂ ಬೇಡ, ನೀವು ಆರಾಮವಾಗಿರಿ ಎನ್ನುವ ಮಕ್ಕಳ ಮಾತಿನಲ್ಲಿ ಅಕ್ಕರೆಯೇ ಇದೆ. ಆದರೆ ನಮಗೇನೂ ಬೇಡವೆಂಬ ಆ ಅರ್ಧಭಾಗವನ್ನು ಕೇಳಿಸಿಕೊಂಡ ವೃದ್ಧರು ಉಪ್ಪಿನಕಾಯಿಯ ಜಾಡಿಯನ್ನಾದರೂ ಕಟ್ಟಿ ಕಳುಹಿಸದೆ ಬಿಡುವುದಿಲ್ಲ. ದೇಶದೇಶಗಳ ಜನರನ್ನು ವರ್ಷವರ್ಷವೂ ಕೇಳುವ ಗ್ಯಾಲಪ್ ಸಂಸ್ಥೆಯ ಪ್ರಶ್ನಾವಳಿಯಲ್ಲಿ, ಕಳೆದ ತಿಂಗಳಲ್ಲಿ ಹಣ ದಾನ ಮಾಡಿದಿರಾ, ಸಂಸ್ಥೆಗಾಗಿ ಸ್ವಯಂಸೇವೆ ಸಲ್ಲಿಸಿದಿರಾ, ಅಪರಿಚಿತರಿಗೆ ನೆರವಾದಿರಾ ಎಂಬ ಮೂರು ಪ್ರಶ್ನೆಗಳಿವೆ. ನಿಮ್ಮಿಂದ ಯಾರಾದರೂ ಕಡೆಯದಾಗಿ ಸಹಾಯ ಕೇಳಿದ್ದು ಎಂದು ಎಂಬ ಪ್ರಶ್ನೆ ಆ ಮೂರರಲ್ಲಿಲ್ಲ.